ಯಾರಿಂದಲೂ ದೂರು ಬಂದಿಲ್ಲ

ಆ ಹುಡುಗಿಯನ್ನು ನಾನು ಸರಿಯಾಗಿ ಗಮನಿಸಿದ್ದು ಅವಳು ನನ್ನ ಹೆಂಡತಿ ಮಾಡಿಕೊಟ್ಟ ಪಾಲಕ್ ಪಲ್ಯವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದ ದಿನ.

ಇಲ್ಲಿ ಬಂಗಾಳದಲ್ಲಿ, ಬಾಲಿಗಂಜ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಹೋಟೆಲು ಸಿಗುತ್ತದೆ. ಉಡುಪಿ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು, ಈಗ ನಾನೂ ಹೆಂಡತಿಯೂ ನಡೆಸುತ್ತೇವೆ. ಅಲ್ಲಿನ ಅಡುಗೆಮನೆಯನ್ನು ಹದಿನಾಲ್ಕು ವರ್ಷ ಕಾಪಾಡಿದವರು ಒಬ್ಬ ಬಂಗಾಳಿ ಹೆಂಗಸು. ದಿನಾ ಬೆಳಿಗ್ಗೆ ಕ್ಯಾನಿಂಗ್ ಲೈನಿನ ಲೋಕಲ್ ಟ್ರೈನಿನಲ್ಲಿ ಬರುತ್ತಿದ್ದರು. ನಾವೆಲ್ಲ ಅವರನ್ನು ಮಾಶಿ ಎನ್ನುತ್ತಿದ್ದೆವು, ಚಿಕ್ಕಮ್ಮ ಎನ್ನುವ ಹಾಗೆ. ದೋಸೆ ಹಿಟ್ಟು ಹುಳಿ ಬಂತೋ ಇಲ್ಲವೋ ಎಂದು ಮೂಸಿ ಹೇಳುವುದರಲ್ಲಿ ಅವರು ನನ್ನ ಅಮ್ಮನನ್ನೇ ಮೀರಿಸಿದ್ದರು. ಗಂಡ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು.

ಮಗಳಿಗೆ ಆಗ ಹದಿನೇಳು. ಮೂರು ವಾರಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಅಮ್ಮನ ಜೊತೆ ಮನೆಗೆ ಹೋಗಲು ನಮ್ಮಲ್ಲಿಗೆ ಬಂದು ಕಾಯುತ್ತಿದ್ದಳು. ಬಿಳಿಚಿಕೊಂಡ ಮುಖ. ನನ್ನ ಹೆಂಡತಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ.

"ಎಂತ ಮಾರಾಯ್ರೇ, ಈ ಹುಡುಗಿ ಮೈಯಲ್ಲಿ ರಕ್ತವೇ ಇಲ್ಲ. ಸೊಪ್ಪು ಗಿಪ್ಪು ತಿನ್ನುದಿಲ್ಲ ಅಂತ ಕಾಣ್ತದೆ," ಎಂದು ಪಲ್ಯ ಮಾಡಿ ಅನ್ನದ ಜೊತೆ ಬಡಿಸಿದಳು.

ಹುಡುಗಿ ತಟ್ಟೆ ನೋಡಿ ನಕ್ಕಳು. "ಕಾಕಿಮಾ, ನನ್ನ ಮೈಯಲ್ಲಿ ಕಬ್ಬಿಣ ಕಡಿಮೆ ಇಲ್ಲ, ಜಾಸ್ತಿ ಇದೆ. ಇದನ್ನ ತಿಂದರೆ ಇನ್ನೂ ಜಾಸ್ತಿ ಆಗುತ್ತೆ. ಒಂದು ಲಿಕರ್ ಚಾ ಕೊಡಿ, ಡಾಕ್ಟರು ಊಟದ ಜೊತೆ ಅದನ್ನ ಕುಡಿ ಅಂದಿದ್ದಾರೆ." ಹಾಲು ಹಾಕದ ಕಪ್ಪು ಚಹಾಕ್ಕೆ ಇಲ್ಲಿ ಲಿಕರ್ ಚಾ ಎನ್ನುತ್ತಾರೆ; ಊಟದ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದಂತೆ.

ಥಾಲಸೀಮಿಯಾ ಎಂಬ ಪದದ ಅರ್ಥ ನಮಗೆ ತಿಳಿದದ್ದು ಆ ಮಧ್ಯಾಹ್ನ. ಹುಟ್ಟಿನಿಂದಲೇ ಅವಳ ದೇಹಕ್ಕೆ ಒಳ್ಳೆಯ ರಕ್ತ ಮಾಡಿಕೊಳ್ಳಲು ಬರುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಹಾಗೆ ಏರಿಸಿದ ರಕ್ತದ ಕಬ್ಬಿಣ ಹೊರಗೆ ಹೋಗದೆ ಯಕೃತ್ತಿನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. ಅದನ್ನು ತೆಗೆಯಲು ದಿನಾ ಒಂದು ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಬರಿಹೊಟ್ಟೆಯಲ್ಲಿ ಕುಡಿಯಬೇಕು. ರಕ್ತವೂ ಮಾತ್ರೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅವಳು ಇದನ್ನೆಲ್ಲ ಬಸ್ಸಿನ ದಾರಿ ಹೇಳುವಷ್ಟು ಸಲೀಸಾಗಿ ಹೇಳಿ ಮುಗಿಸಿದಳು. ನನ್ನ ಹೆಂಡತಿ ಪಲ್ಯದ ಬಟ್ಟಲನ್ನು ಒಳಗೆ ಒಯ್ದು, ಲಿಕರ್ ಚಾ ಮಾಡಿ ತಂದಿಟ್ಟಳು.

ಆಮೇಲೆ ಅವಳು ಬಂದಾಗಲೆಲ್ಲ ಅಡುಗೆಮನೆಯ ಬಾಗಿಲ ಬಳಿಯ ಮೇಜು ಅವಳದೇ ಆಯಿತು. ಓದಿನಲ್ಲಿ ಚುರುಕು. ಹನ್ನೆರಡನೇ ತರಗತಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಬೇಕು ಎನ್ನುತ್ತಿದ್ದಳು. "ಇಷ್ಟು ವರ್ಷ ನನ್ನ ರಕ್ತ ಅವರು ನೋಡಿದ್ದಾಯ್ತು, ಇನ್ನು ಬೇರೆಯವರ ರಕ್ತ ನಾನು ನೋಡ್ತೀನಿ ಕಾಕು," ಎನ್ನುವಳು. ನನ್ನನ್ನು ಕಾಕು, ಅಂದರೆ ಚಿಕ್ಕಪ್ಪ, ಎಂದೂ ಹೆಂಡತಿಯನ್ನು ಕಾಕಿಮಾ ಎಂದೂ ಕರೆಯುತ್ತಿದ್ದಳು.

ಆ ವರ್ಷ ದಸರೆಯ ಪೂಜೆ ಹಬ್ಬ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಮಾತ್ರೆ ನಿಂತುಹೋಯಿತು. ಕೌಂಟರಿನವರು ಹೇಳುತ್ತಿದ್ದುದು ಎರಡೇ ಮಾತು: "ಸಾಪ್ಲಾಯ್ ನೇಇ." ಸರಬರಾಜು ಇಲ್ಲ. ಮುಂದಿನ ವಾರ ಬಾ ಎಂದರು. ಮುಂದಿನ ವಾರವೂ ಅದೇ ಮಾತು. ರೋಗಿಯ ಪುಸ್ತಕದಲ್ಲಿ ಮಾತ್ರೆ ಕೊಟ್ಟ ದಿನ ಬರೆಯಲು ಒಂದು ಕಾಲಮ್ಮು ಇರುತ್ತದೆ. ಅವರು ಅದನ್ನು ಖಾಲಿ ಬಿಡುತ್ತಿದ್ದರು. ಹುಡುಗಿ ಪ್ರತಿ ಸಲ ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ಎದುರಿಗೆ 'ಬಂದಿದ್ದೆ, ಸಿಗಲಿಲ್ಲ' ಎಂದು ಬಂಗಾಳಿಯಲ್ಲಿ ಗುರುತು ಹಾಕುತ್ತಿದ್ದಳು.

ಮೊದಲ ಎರಡು ತಿಂಗಳು ಮಾತ್ರೆಯನ್ನು ಹೊರಗಿನ ಔಷಧಿ ಅಂಗಡಿಯಿಂದ ನಾನೇ ತಂದುಕೊಟ್ಟೆ. ಅಗ್ಗದ್ದಲ್ಲ, ಆದರೂ ಕೊಟ್ಟೆ. ಮೂರನೆಯ ತಿಂಗಳು ಅವಳು ಪೊಟ್ಟಣವನ್ನು ತೆಗೆದುಕೊಳ್ಳಲಿಲ್ಲ.

"ಕಾಕು, ನೀವು ಕೊಟ್ಟರೆ ನನಗೊಬ್ಬಳಿಗೆ ಆಯ್ತು. ನನ್ನ ಪಕ್ಕದ ಬೆಡ್ಡಿನ ಮಗುವಿಗೆ ಯಾರು ಕೊಡ್ತಾರೆ? ಇದಕ್ಕೆ ಅಂತ ಸರ್ಕಾರದ ಹಣ ಬರುತ್ತಲ್ಲ, ಅದು ಎಲ್ಲಿಗೆ ಹೋಯ್ತು ಅಂತ ಕೇಳಿ. ನಿಮಗೆ ಇಂಗ್ಲಿಷ್ ಬರುತ್ತೆ, ನಿಮ್ಮ ಹೋಟೆಲಿಗೆ ಬೋರ್ಡಿದೆ, ವಿಳಾಸ ಇದೆ. ನಿಮಗೆ ಉತ್ತರ ಕೊಡ್ತಾರೆ."

ಮಾಶಿ ಒಳಗಿನಿಂದ ಗದರಿದರು. ಆದರೆ ನನಗೆ ಅವಳ ಮಾತು ಹಿಡಿಸಿತು. ನನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ. ಮಾಹಿತಿ ಹಕ್ಕಿನ ಅರ್ಜಿಯನ್ನು ನನ್ನ ಹೆಸರಿನಲ್ಲೇ ಬರೆದು ಕಳಿಸಿದೆ. ಆ ಮಾತ್ರೆಗೆಂದು ಎಷ್ಟು ಹಣ ಬಂತು, ಎಷ್ಟು ಮಾತ್ರೆ ಕೊಂಡಿರಿ, ಯಾರಿಗೆ ಹಂಚಿದಿರಿ, ಇಷ್ಟು ತಿಂಗಳು ರೋಗಿಗಳಿಗೆ ಯಾಕೆ ಸಿಗಲಿಲ್ಲ, ಇದಕ್ಕೆ ಹೊಣೆ ಯಾರು?

ಉತ್ತರ ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಹಣ ನಿಯಮದಂತೆ ಬಿಡುಗಡೆಯಾಗಿದೆ, ಔಷಧಿ ಅಗತ್ಯಕ್ಕೆ ತಕ್ಕಂತೆ ವಿತರಣೆಯಾಗಿದೆ, ಕೊರತೆಯ ಬಗ್ಗೆ ದಾಖಲೆಯಲ್ಲಿ ಏನೂ ಇಲ್ಲ. ಹೊಣೆ ಯಾರು ಎಂಬ ಪ್ರಶ್ನೆಯ ಎದುರು 'ಅನ್ವಯಿಸುವುದಿಲ್ಲ' ಎಂದಿತ್ತು. ಒಪ್ಪಿಗೆ ಇಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದು ಕೊನೆಯಲ್ಲಿ ಬರೆದಿದ್ದರು.

ಅದೇ ವಾರ ಒಬ್ಬರು ದೋಸೆ ತಿನ್ನಲು ಬಂದರು. ಆರೋಗ್ಯ ಇಲಾಖೆಯ ಒಂದು ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಅಲ್ಲಿ ಎಲ್ಲರೂ ಅವರನ್ನು ಬೊಡೊಬಾಬು ಎನ್ನುತ್ತಾರೆ. ನಮ್ಮ ಹಳೆಯ ಗಿರಾಕಿ. ಅವರ ಕಚೇರಿಯ ತರಬೇತಿಗಳಿಗೂ ಸಭೆಗಳಿಗೂ ತಿಂಡಿ ನಮ್ಮಲ್ಲಿಂದಲೇ ಹೋಗುತ್ತಿತ್ತು. ಆ ಆರ್ಡರು ಕೊಡಿಸಿದವರೇ ಅವರು. ಕೈ ತೊಳೆದು ಬಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ತುಂಬ ಮೃದುವಾಗಿ ಹೇಳಿದರು.

"ದಾದಾ, ಒಂದು ಅರ್ಜಿ ನೋಡಿದೆ. ಕೆಳಗೆ ನಿಮ್ಮ ಹೆಸರು. ನನಗೇ ನಂಬೋದಕ್ಕೆ ಆಗಲಿಲ್ಲ."

"ನಮ್ಮ ಮಾಶಿಯ ಮಗಳಿಗೋಸ್ಕರ," ಎಂದೆ.

"ಅಯ್ಯೋ, ನನಗೊಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ! ಕಾಗದ ಯಾಕೆ? ಮೇಲಿನವರು ಕಾಗದ ನೋಡಿದರೆ ಬೇರೆ ಥರ ಯೋಚಿಸ್ತಾರೆ. ನೀವು ಹೋಟೆಲಿನವರು, ನಿಮಗೆ ಇದೆಲ್ಲ ಯಾಕೆ ಬೇಕು?"

ಅವರು ಹೆದರಿಸಲಿಲ್ಲ. ಹೆದರಿಸಿದ್ದರೆ ನನಗೆ ರೋಷವಾದರೂ ಬರುತ್ತಿತ್ತೇನೋ. ನಾನು ನಕ್ಕು ಬೀಡಾ ಕೊಟ್ಟು ಕಳಿಸಿದೆ. ಮೂವತ್ತು ದಿನ ಕಳೆಯಿತು. ಮೇಲ್ಮನವಿ ಹಾಕಲಿಲ್ಲ. ಹುಡುಗಿ ಕೇಳಿದಾಗಲೆಲ್ಲ "ಬರೀತಿದ್ದೇನೆ" ಎಂದೆ.

ಆಮೇಲೆ ಆ ಸಭೆಯ ಸುದ್ದಿ ಬಂತು. ರೋಗಿಗಳಿಗೆ ಸಿಗುವ ಸಹಾಯ ಹೇಗೆ ನಡೆಯುತ್ತಿದೆ ಎಂದು ನೋಡಲು ಹೊರಗಿನಿಂದ ತಂಡವೊಂದು ಬರುವುದಿತ್ತು. ರೋಗಿಗಳ ಮನೆಯವರೂ ಬಂದು ಮಾತಾಡಬಹುದು ಎಂದು ವಾರ್ಡಿನಲ್ಲಿ ಯಾರೋ ಹೇಳಿದ್ದರು. ಮಾಶಿ ಅಂದಿನಿಂದಲೇ ತಯಾರಾದರು. ಕೆಲಸದ ನಡುವೆ ಬಾಯಲ್ಲೇ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದರು: "ಬಾಬು, ನನ್ನ ಮಗಳು ಇಷ್ಟು ಸಲ ಬಂದಳು, ಇಷ್ಟು ಸಲ ಬರಿಗೈಲಿ ಹೋದಳು." ಒಮ್ಮೆ ಕಾಯಿ ತುರಿಯುತ್ತ ತುರಿಯುತ್ತ ದನಿ ಏರಿಸಿಬಿಟ್ಟು, ತಾವೇ ನಾಚಿ ಸೆರಗು ಬಾಯಿಗೆ ಒತ್ತಿಕೊಂಡರು.

ಆ ಸಭೆಯ ತಿಂಡಿಯೂ ನಮ್ಮದೇ. ಹಿಂದಿನ ದಿನ ಬೊಡೊಬಾಬು ಫೋನು ಮಾಡಿದರು. ಇಡ್ಲಿ ಎಷ್ಟು, ವಡೆ ಎಷ್ಟು ಎಂದೆಲ್ಲ ಹೇಳಿ, ಕೊನೆಗೆ, "ನಿಮ್ಮ ಮಾಶಿ ಬರ್ತಾರಂತೆ. ಅಲ್ಲಿ ಅತ್ತುಗಿತ್ತು ಗಲಾಟೆ ಮಾಡಿದರೆ ಯಾರಿಗೂ ಚೆನ್ನಾಗಿರಲ್ಲ. ನೀವು ಹೇಗೂ ಅಲ್ಲೇ ಇರ್ತೀರಿ. ಪುಸ್ತಕ ನೀವೇ ತನ್ನಿ. ಸರಿಯಾದ ಸಮಯ ನೋಡಿ ಸಾಹೇಬರಿಗೆ ತೋರಿಸೋಣ. ಮುಂದಿನ ವಾರ ಮಾತ್ರೆಯ ವ್ಯವಸ್ಥೆ ನಾನು ಮಾಡ್ತೀನಿ," ಎಂದರು.

ನಾನು ಮಾಶಿಗೆ ಹೇಳಿದೆ: "ನೀವು ಬರೋದು ಬೇಡ. ನಾನೇ ಮಾತಾಡ್ತೀನಿ. ಇಂಥವರ ಹತ್ತಿರ ಹೇಗೆ ಹೇಳಬೇಕು ಅಂತ ನನಗೆ ಗೊತ್ತು."

ಅವರ ಮುಖ ಸಣ್ಣದಾಯಿತು. ಆದರೆ ಇಷ್ಟು ವರ್ಷದ ಋಣದ ಭಾರ ಎಂಥದೋ, ಎದುರಾಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಪೆನ್ಸಿಲಿನಲ್ಲಿ ಬರೆದ ಪುಟಗಳನ್ನ ತೋರಿಸೋದು ಮರೀಬೇಡಿ," ಎಂದರು.

ಹೊರಡುವಾಗ ಹೆಂಡತಿ ನನ್ನನ್ನು ತಡೆದಳು. "ಅವರಿಗೆ ಹೇಳ್ಲಿಕ್ಕೆ ಬಾಯಿ ಉಂಟಲ್ಲ? ನೀವು ಎಂತಕ್ಕೆ ಅವರ ಬದಲು ಹೋಗುದು?"

"ನಿನಗೆ ಗೊತ್ತಾಗುದಿಲ್ಲ," ಎಂದೆ. ಅವಳಿಗೆ ಎಲ್ಲ ಗೊತ್ತಿತ್ತು.

ಸಭೆ ನಡೆದದ್ದು ಕಚೇರಿಯ ಮೊದಲ ಮಹಡಿಯ ಹಾಲ್‌ನಲ್ಲಿ. ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ. ತಂಡದ ಮುಖ್ಯಸ್ಥೆ ಒಬ್ಬ ಹೆಂಗಸು, ಐವತ್ತರ ಮೇಲಿನವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಎಲ್ಲರ ಮಾತನ್ನೂ ಗಮನವಿಟ್ಟು ಕೇಳುತ್ತಿದ್ದರು. ನಾನು ಬಾಗಿಲ ಬಳಿ ಸಾಂಬಾರಿನ ಪಾತ್ರೆಯ ಪಕ್ಕ ನಿಂತಿದ್ದೆ. ಪುಸ್ತಕ ಅಂಗಿಯೊಳಗೆ, ಬನಿಯನ್ನಿಗೆ ಒತ್ತಿಕೊಂಡಿತ್ತು. ಒಬ್ಬ ಅಧಿಕಾರಿ ಪರದೆಯ ಮೇಲೆ ಏನೇನೋ ತೋರಿಸಿ ಎಲ್ಲ ಸುಸೂತ್ರವಾಗಿದೆ ಎಂದರು. ರೋಗಿಗಳ ಕಡೆಯವರು ಎಂದು ಇಬ್ಬರನ್ನು ಕೂರಿಸಿದ್ದರು. ಅವರೂ ತಲೆಯಾಡಿಸಿದರು.

ಆ ಹೆಂಗಸು ಕೇಳಿದರು: "ಮಾತ್ರೆ ಸಿಗುತ್ತಿಲ್ಲ ಅಂತ ಎಲ್ಲೋ ಕೇಳಿದ ನೆನಪು. ಯಾರಿಗಾದರೂ ಏನಾದರೂ ಹೇಳುವುದಿದೆಯಾ?"

ರೋಗಿಗಳ ಕಡೆಯ ಇಬ್ಬರೂ ತಮ್ಮ ತಟ್ಟೆ ನೋಡಿಕೊಂಡರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರ ಕಣ್ಣು ನನ್ನ ಮೇಲೆ ಬಿತ್ತು.

"ನೀವೇನಾದರೂ ಹೇಳಬೇಕಿತ್ತಾ?"

ಬೊಡೊಬಾಬು ಕಿಟಕಿಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಯಾವ ಬೆದರಿಕೆಯೂ ಇರಲಿಲ್ಲ. ಗೆಳೆಯನನ್ನು ನೋಡುವ ಹಾಗೆಯೇ ನೋಡುತ್ತಿದ್ದರು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಲೈಸೆನ್ಸು, ಆರ್ಡರು, ಹೊರಗಿನವನಾಗಿ ಈ ಊರಿನಲ್ಲಿ ಅಪ್ಪ ಕಟ್ಟಿದ ಹೆಸರು. ಹುಡುಗಿಯ ಮುಖ ನೆನಪಾಗಲಿಲ್ಲ. ನೆನಪಾಯಿತೆಂದು ಈಗ ಬರೆದರೆ ಸುಳ್ಳಾಗುತ್ತದೆ.

"ಸಾಂಬಾರ್ ಇನ್ನೂ ಇದೆ ಮೇಡಂ, ಯಾರಿಗಾದರೂ ಬೇಕಾ ಅಂತ ಕೇಳೋಣ ಅಂತ," ಎಂದೆ.

ಒಂದಿಬ್ಬರು ನಕ್ಕರು. ಮುಖ್ಯಸ್ಥೆಯೂ ನಕ್ಕು ಕೈಯಾಡಿಸಿ ಬೇಡವೆಂದು, ಮುಂದಿನ ಕಾಗದ ಎತ್ತಿಕೊಂಡರು.

ಪಾತ್ರೆಗಳನ್ನು ವ್ಯಾನಿಗೆ ಹಾಕಿಸಿ ವಾಪಸು ಬರುವಾಗ, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮಾಶಿ ಹೋಟೆಲಿನ ಹೊರಗೇ ನಿಂತಿದ್ದರು.

"ಹೇಳಿದಿರಾ?"

"ಹೇಳಿದೆ. ನೋಡ್ತೀವಿ ಅಂದರು."

ಮುಂದಿನ ವಾರ ಬೊಡೊಬಾಬು ಮಾತಿಗೆ ತಪ್ಪಲಿಲ್ಲ. ಒಂದು ತಿಂಗಳಿಗಾಗುವಷ್ಟು ಮಾತ್ರೆಯನ್ನು ಕಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನಾನದನ್ನು ಮಾಶಿಗೆ ಕೊಟ್ಟಾಗ ಅವರು ಕಣ್ಣಿಗೆ ಒತ್ತಿಕೊಂಡರು. ಮರುದಿನ ತಮ್ಮ ಊರಿನ ಅಂಗಡಿಯಿಂದ ಸಂದೇಶ್ ಮಿಠಾಯಿ ತಂದು ಹೋಟೆಲಿನ ಎಲ್ಲರಿಗೂ ಹಂಚಿದರು. ನಾನೂ ಒಂದು ತಿಂದೆ. ಹುಡುಗಿ ಮಾತ್ರ, "ವಾರ್ಡಿನಲ್ಲಿ ಬೇರೆಯವರಿಗೂ ಸಿಕ್ಕಿತಾ ಕಾಕು?" ಎಂದು ಕೇಳಿದಳು. ಸಿಕ್ಕಿರಬೇಕು ಎಂದೆ. ಅವಳು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಯಾರಿಗೂ ಸಿಕ್ಕಿರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಅವಳಿಗೂ ಸಿಗಲಿಲ್ಲ. ಬೊಡೊಬಾಬು ಅವರನ್ನು ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ನಾನು ಪುನಃ ಅಂಗಡಿಯಿಂದ ತರಲು ಹೊರಟರೆ ಅವಳು ಒಪ್ಪಲಿಲ್ಲ. ಮಾಶಿಗೆ ಗುಟ್ಟಾಗಿ ಕೊಟ್ಟೆ. ಅದನ್ನೂ ಅವಳು ಕಂಡುಹಿಡಿದು ಪಕ್ಕದ ಬೆಡ್ಡಿನ ಮಗುವಿನ ತಾಯಿಯ ಜೊತೆ ಅರ್ಧರ್ಧ ಹಂಚಿಕೊಂಡಳಂತೆ. ಇಬ್ಬರಿಗೂ ಸಾಲದಂತಾಯಿತು.

ಅದಾಗಿ ಐದಾರು ತಿಂಗಳಿರಬೇಕು. ಊಟದ ಗಿರಾಕಿಗಳು ಹೋಗಿ ಹೋಟೆಲು ಖಾಲಿಯಿದ್ದ ಹೊತ್ತು. ಅವಳು ಬಂದು ನನ್ನ ಎದುರಿಗೆ ಕೂತು ಚೀಲದಿಂದ ಒಂದು ಕಾಗದ ತೆಗೆದಳು. ಮೆಟ್ಟಿಲು ಹತ್ತಿ ಬಂದವಳಿಗೆ ಏದುಸಿರು ನಿಲ್ಲಲು ತುಸು ಹೊತ್ತು ಹಿಡಿಯಿತು. ನಮ್ಮ ಹೋಟೆಲಿಗಿರುವುದು ಮೂರೇ ಮೆಟ್ಟಿಲು.

"ಆ ಸಭೆಯ ನಡಾವಳಿ ಕೇಳಿ ನಾನೇ ಅರ್ಜಿ ಹಾಕಿದ್ದೆ. ಬಂಗಾಳಿಯಲ್ಲೇ ಬರೆದೆ. ಕೊಟ್ಟರು."

ಹದಿನೆಂಟು ತುಂಬಿದ ಮೇಲೆ ತನ್ನ ಹೆಸರಿನಲ್ಲೇ ಹಾಕಿದ್ದಳು. ಕಾಗದದ ಎರಡನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಳು. ಔಷಧಿ ಸರಬರಾಜಿನ ಬಗ್ಗೆ ಮುಖ್ಯಸ್ಥರು ವಿಚಾರಿಸಿದರು. ರೋಗಿಗಳಿಂದಾಗಲಿ ಹಾಜರಿದ್ದ ಇತರರಿಂದಾಗಲಿ ಯಾವ ದೂರೂ ಬಂದಿಲ್ಲ.

"ಕಾಕು, ನೀವು ಹೇಳಲಿಲ್ವಾ? ಅಥವಾ ಅವರು ಬರೆದುಕೊಳ್ಳಲಿಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ಬರೆದುಕೊಳ್ಳಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅಡುಗೆಮನೆಯಲ್ಲಿ ಮಾಶಿ ಪಾತ್ರೆ ಜೋಡಿಸುವ ಸದ್ದು ನಿಂತಿತು.

"ಹೇಳಲಿಲ್ಲ," ಎಂದೆ.

ಅವಳು ಕಾಗದವನ್ನು ಮಡಿಸಿದಳು. "ಹಾಗಾದರೆ ಕಾಗದದಲ್ಲಿ ಬರೆದದ್ದು ಸರಿಯಾಗಿದೆ. ನಡಾವಳಿ ಸುಳ್ಳು ಅಂತ ನಾಳೆ ಮೇಲ್ಮನವಿ ಹಾಕೋಳಿದ್ದೆ. ಮೊದಲು ನಿಮ್ಮನ್ನ ಕೇಳಿದ್ದು ಒಳ್ಳೇದಾಯ್ತು."

ಮಾಶಿ ಬಾಗಿಲಲ್ಲಿ ಬಂದು ನಿಂತಿದ್ದರು. ಅವರು ಒಂದೇ ಮಾತು ಕೇಳಿದರು: "ನನಗೆ ಹೋಗೋದಕ್ಕಾದರೂ ಬಿಟ್ಟಿದ್ದರೆ ಆಗ್ತಿತ್ತಲ್ಲ, ದಾದಾ?"

ಮರುದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಇಡುತ್ತ, "ಈಗಾದರೂ ಬರೆದು ಕೊಡಿ. ನೀವು ಅಲ್ಲಿ ಇದ್ದದ್ದು ಹೌದು, ಪುಸ್ತಕ ನಿಮ್ಮ ಹತ್ತಿರ ಇದ್ದದ್ದು ಹೌದು," ಎಂದಳು.

ಬರೆದುಕೊಟ್ಟೆ. ರೋಗಿಯ ತಾಯಿಯನ್ನು ಬರದಂತೆ ತಡೆದದ್ದು ನಾನು, ಅವರ ಪುಸ್ತಕ ನನ್ನ ಬಳಿ ಇದ್ದರೂ ಕೇಳಿದಾಗ ಬಾಯಿ ಬಿಡಲಿಲ್ಲ ಎಂದು ಸಹಿ ಹಾಕಿದೆ. ಹುಡುಗಿ ಅದನ್ನು ತೆಗೆದುಕೊಂಡು ಇಟ್ಟುಕೊಂಡಳು. ಆದರೆ ಅವಳು ಅದನ್ನೇ ನೆಚ್ಚಿಕೊಂಡು ಕೂರಲಿಲ್ಲ. ವಾರ್ಡಿನ ಎಲ್ಲ ರೋಗಿಗಳ ಪುಸ್ತಕಗಳ ಜೆರಾಕ್ಸ್ ಮಾಡಿಸಿದಳು. ಎಲ್ಲರ ಪುಸ್ತಕದಲ್ಲೂ ಅದೇ ತಿಂಗಳುಗಳು ಖಾಲಿ. ಅರ್ಜಿ ಹಾಕಿ ಪಡೆದ ಇಲಾಖೆಯ ದಾಖಲೆಯಲ್ಲಿ ಅವೇ ತಿಂಗಳುಗಳಲ್ಲಿ ಮಾತ್ರೆ ಕೊಟ್ಟಂತೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಇಲಾಖೆಯ ಮೇಲೆ ದೂರು ಕೊಟ್ಟು, ಅದರ ವಿಚಾರಣೆಗೆ ತಾಯಿಯೂ ಮಗಳೂ ಒಯ್ದರು. ಮಾತಾಡಿದವರು ಮಾಶಿ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ಅಳಲಿಲ್ಲ. ಗಲಾಟೆ ಮಾಡಲಿಲ್ಲ. ಕೈ ಮುಗಿದು ನಿಂತು ಒಂದೊಂದೇ ತಾರೀಖು ಹೇಳಿದರು. ಎದುರಿಗಿದ್ದ ಅಧಿಕಾರಿ ಪೆನ್ನು ಎತ್ತಿಕೊಂಡು ಅವನ್ನು ಬರೆದುಕೊಳ್ಳಬೇಕಾಯಿತು. ಇಷ್ಟು ಸಾಕಿತ್ತಲ್ಲ, ಇದನ್ನೇ ನಾನು ಅವರಿಂದ ಕಿತ್ತುಕೊಂಡಿದ್ದೆನಲ್ಲ.

ಅದಾದ ಎರಡು ತಿಂಗಳಿಗೆ ಮಾತ್ರೆ ಬರತೊಡಗಿತು. ಈಗ ಸಾಮಾನ್ಯವಾಗಿ ತಪ್ಪುವುದಿಲ್ಲ. ಆ ಮಾತ್ರೆಗಳು ಹೋದದ್ದೆಲ್ಲಿಗೆ, ದಾಖಲೆ ಬರೆದವರು ಯಾರು ಎಂಬುದಕ್ಕೆ ಮಾತ್ರ ಉತ್ತರ ಬರಲಿಲ್ಲ. ಕಡತ ಪರಿಶೀಲನೆಯಲ್ಲಿದೆ ಎಂಬ ಪತ್ರ ಎರಡು ಸಲ ಬಂತು. ಬೊಡೊಬಾಬು ನಿವೃತ್ತರಾದರು. ಅವರು ಕದ್ದರೆಂದು ನಾನು ಹೇಳಲಾರೆ. ಕದ್ದವರು ಯಾರೆಂದು ಗೊತ್ತಿದ್ದರೂ ಎಲ್ಲರೊಡನೆ ಚೆನ್ನಾಗಿರುವ ಮನುಷ್ಯ ಅವರು, ನನ್ನ ಹಾಗೆ. ಇಲಾಖೆಯ ತಿಂಡಿಯ ಆರ್ಡರನ್ನು ನಾನಾಗಿ ಬಿಟ್ಟೆ ಎಂದು ಬರೆಯಲು ಆಸೆಯಾಗುತ್ತದೆ. ಬಿಡಲಿಲ್ಲ. ಮತ್ತೊಂದು ವರ್ಷ ಕೊಟ್ಟೆ. ಆಮೇಲೆ ಅವರೇ ಬೇರೆಯವರಿಗೆ ಕೊಟ್ಟರು.

ಆ ಖಾಲಿ ತಿಂಗಳುಗಳಲ್ಲಿ ಹುಡುಗಿಯ ಹೃದಯದಲ್ಲಿ ಕಬ್ಬಿಣ ಕೂತಿತ್ತು. ನಾನು ಆ ದಿನ ಬಾಯಿ ಬಿಟ್ಟಿದ್ದರೆ ಅದು ತಪ್ಪುತ್ತಿತ್ತೇ ಎಂದು ಒಮ್ಮೆ ಅವಳ ಡಾಕ್ಟರನ್ನು ಬಳಸು ಮಾತಿನಲ್ಲಿ ಕೇಳಿದೆ. "ಆರು ತಿಂಗಳು ಮೊದಲೇ ಸಿಕ್ಕಿದ್ದರೆ ಒಳ್ಳೆಯದಿತ್ತು," ಎಂದಷ್ಟೇ ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು. ಈಗ ಅವಳು ಹೃದಯದ ಔಷಧಿಯನ್ನೂ ತೆಗೆದುಕೊಳ್ಳಬೇಕು. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಇಡೀ ದಿನ ನಿಂತು ಮಾಡುವ ಕೆಲಸ ಆಗದು ಎಂದು ಸೇರಲಿಲ್ಲ. ಮಾಶಿ ಮಗಳ ಜೊತೆಗಿರಲು ನಮ್ಮಲ್ಲಿಯ ಕೆಲಸ ಬಿಟ್ಟರು. ಹೊರಡುವ ದಿನ ಹೊಸಬಳಿಗೆ ಹಿಟ್ಟಿನ ಹದ ಹೇಳಿಕೊಟ್ಟು, ನನ್ನ ಹೆಂಡತಿಯನ್ನು ತಬ್ಬಿಕೊಂಡು, ನನಗೆ ಎಂದಿನಂತೆ ನಮಸ್ಕಾರ ಮಾಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಹೋದ ತಿಂಗಳು ಮಾಶಿಗೆ ಜ್ವರ. ಆಸ್ಪತ್ರೆಗೆ ಜೊತೆಗೆ ಬರಲು ಯಾರೂ ಇಲ್ಲವೆಂದು ಹುಡುಗಿ ನನ್ನ ಹೆಂಡತಿಗೆ ಫೋನು ಮಾಡಿದಳು. ನಾನು ಹೋದೆ. ರಕ್ತ ಏರುವ ನಾಲ್ಕು ಗಂಟೆ ಅವಳ ಬೆಡ್ಡಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಹೊಸದಾಗಿ ಬಂದ ಒಬ್ಬ ತಾಯಿ ಮಡಿಲಲ್ಲಿ ಎರಡು ವರ್ಷದ ಮಗು ಇಟ್ಟುಕೊಂಡು, ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು. ಹುಡುಗಿ ಮಲಗಿದಲ್ಲಿಂದಲೇ ಅವಳನ್ನು ಹತ್ತಿರ ಕರೆದು, ಯಾವ ಕೌಂಟರಿಗೆ ಹೋಗಬೇಕು, ಏನು ಕೇಳಬೇಕು ಎಂದು ವಿವರಿಸಿದಳು.

ಆ ತಾಯಿ ನನ್ನ ಕಡೆ ತಿರುಗಿ, "ದಾದಾ, ನೀವೊಂಚೂರು ನನ್ನ ಪರವಾಗಿ ಕೇಳಿಕೊಡ್ತೀರಾ? ನನಗೆ ಮಾತಾಡೋದಕ್ಕೆ ಭಯ," ಎಂದಳು.

ನಾನು ಹುಡುಗಿಯನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ನೀವೇ ಕೇಳಮ್ಮಾ," ಎಂದೆ. "ಮಗುವನ್ನ ನಾನು ಎತ್ತಿಕೊಂಡಿರ್ತೀನಿ."

ಅವಳು ಅನುಮಾನಿಸುತ್ತ ಮಗುವನ್ನು ನನ್ನ ಕೈಗೆ ಕೊಟ್ಟು ಕೌಂಟರಿನ ಕಡೆ ನಡೆದಳು.